ಬ್ರೇಕಿನ ಬದಲಿಯೂ ದುರಸ್ತಿಯೂ: ಮಂಡ್ಯ ಸೀಮೆಯ ಒಂದು ರೂಢಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಸವೆದದ್ದನ್ನೇ ಸರಿಮಾಡಿ ಮತ್ತೆ ಕೂರಿಸುವ ರೂಢಿ ಮೋಟಾರಿಗಿಂತ ಹಳೆಯದು. ಎತ್ತಿನಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾದರೆ ಕಮ್ಮಾರ ಅದನ್ನು ಬಿಚ್ಚಿ, ಒಂದಿಷ್ಟು ಕತ್ತರಿಸಿ ಬೆಸೆದು, ಕೆಂಪಗೆ ಕಾಯಿಸಿ ತೊಡಿಸಿ ನೀರು ಹುಯ್ಯುತ್ತಿದ್ದ. ಮುರಿದ ಮರವನ್ನು ಬಡಗಿ ಬದಲಿಸುತ್ತಿದ್ದ. ಹೊಸ ಚಕ್ರವೆಂಬುದು ಕೊನೆಯ ಮಾತು. ಕನ್ನಂಬಾಡಿ ಕಟ್ಟೆಯ ನಾಲೆಗಳು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಕಬ್ಬು ಹೊರುವ ಗಾಡಿಗಳಿಗೆ ಕೆಲಸ ಹೆಚ್ಚಿತು, ಗಾಡಿ ರಿಪೇರಿಗೂ ಹೆಚ್ಚಿತು.

ಇದೇ ರೂಢಿ ಮೋಟಾರಿಗೂ ಬಂತು. ಸ್ವಾತಂತ್ರ್ಯಾನಂತರದ ಕಾರುಗಳೆಂದರೆ ಮುಖ್ಯವಾಗಿ ಅಂಬಾಸಡರ್ ಮತ್ತು ಫಿಯೆಟ್. ಬಹುಕಾಲ ಇವುಗಳ ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾದ ಕಾಲವದು, ಆದ್ದರಿಂದ ಇದ್ದ ಕಾರನ್ನು ಓಡಿಸುವುದೇ ಮೆಕ್ಯಾನಿಕ್ಕಿನ ವಿದ್ಯೆ. ಬ್ರೇಕ್ ಶೂಗೆ ಹೊಸ ಲೈನಿಂಗ್ ಹೊಡೆಸುವುದು, ವೀಲ್ ಸಿಲಿಂಡರ್ ಬಿಚ್ಚಿ ಸಣ್ಣ ಎಮರಿ ಕಾಗದದಿಂದ ಉಜ್ಜಿ ರಬ್ಬರ್ ವಾಷರ್ ಬದಲಿಸುವುದು, ಕೊನೆಗೆ ಪೆಡಲ್ ತುಳಿಸಿ ಗಾಳಿ ತೆಗೆಯುವುದು. ಆಗಿನ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳನ್ನು ಬಾಯಿಯಿಂದ ಊದಿ ತೆಗೆಯುವ ಅಭ್ಯಾಸ ಶ್ವಾಸಕೋಶಕ್ಕೆ ಅಪಾಯವೆಂಬ ತಿಳಿವಳಿಕೆ ತಡವಾಗಿ ಬಂತು.

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. 1953ರ ಲೆ ಮಾನ್ಸ್ ಓಟದಲ್ಲಿ ಜಾಗ್ವಾರ್ ಗೆದ್ದ ಮೇಲೆ ಅದರ ಹೆಸರು ಹಬ್ಬಿತು. ಭಾರತದ ಸಾಮಾನ್ಯ ಕಾರುಗಳ ಮುಂದಿನ ಚಕ್ರಕ್ಕೆ ಅದು ಬಂದದ್ದು ಮಾರುತಿಯ ಕಾಲದಲ್ಲಿ, 1980ರ ದಶಕದಲ್ಲಿ. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಜೊತೆಗೇ ಬಂತು.

ವಿಚಿತ್ರವೆಂದರೆ, ರಿಪೇರಿಗೆ ಕ್ಯಾಲಿಪರ್ ಹಳೆಯ ವೀಲ್ ಸಿಲಿಂಡರಿಗಿಂತ ಒಳ್ಳೆಯ ವಸ್ತು. ವೀಲ್ ಸಿಲಿಂಡರಿನಲ್ಲಿ ವಾಷರ್ ಕೊಳವೆಯ ಒಳಮೈಗೆ ಉಜ್ಜುತ್ತದೆ. ಆ ಮೈ ತುಕ್ಕಿಗೆ ಗುಳಿ ಬಿದ್ದರೆ ಸಿಲಿಂಡರೇ ಹೋದಂತೆ. ಕಾರಿನ ಸಾಮಾನ್ಯ ಕ್ಯಾಲಿಪರಿನಲ್ಲಿ ಚೌಕ ಅಂಚಿನ ಸೀಲು ಒಳಗಿನ ತೋಡಿನಲ್ಲಿ ಕುಳಿತಿರುತ್ತದೆ, ಜಾರುವುದು ಪಿಸ್ಟನ್. ಪೆಡಲ್ ಬಿಟ್ಟಾಗ ಬಾಗಿದ ಸೀಲು ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಕೆಡುವುದು ಹೆಚ್ಚಾಗಿ ಸೀಲು, ಧೂಳುತಡೆಯ ರಬ್ಬರು, ಪಿಸ್ಟನ್ನಿನ ಮೈ, ಜಾರುವ ಪಿನ್ನುಗಳು. ಎಲ್ಲವೂ ಬದಲಿಸಬಹುದಾದ ಭಾಗಗಳೇ. ನಾಲೆಬಯಲಿನ ಕೆಸರು ಹರಿದ ರಬ್ಬರಿನೊಳಗೆ ನುಗ್ಗಿದರೆ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ತುಕ್ಕು ಒಳಗಿನಿಂದಲೂ ಬರುತ್ತದೆ.

ಆದರೂ ಬದಲಿಯೇ ಗೆದ್ದಿತು. ಬಿಡಿಭಾಗ ಸಿಗುವುದು ಸುಲಭವಾಯಿತು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಪೂರ್ತಿ ಜೋಡಣೆಯನ್ನೇ ತರಿಸಬಹುದು. ಕೂಲಿ ಏರಿತು. ಬಿಚ್ಚಿ ತೊಳೆದು ಕೂರಿಸುವ ಹೊತ್ತಿನ ಬೆಲೆ ಹೊಸದರ ಬೆಲೆಯನ್ನು ಸಮೀಪಿಸಿದಲ್ಲಿ ರಿಪೇರಿಗೆ ಕಾರಣ ಉಳಿಯುವುದಿಲ್ಲ. ಕೆಲವು ಮಾದರಿಗಳಿಗೆ ಸೀಲ್ ಕಿಟ್ ಬಿಡಿಯಾಗಿ ಸಿಗುವುದೂ ಕಷ್ಟ.

ಸ್ವತಃ ಮಾಡುವವರಿಗೆ ಕಿಟ್ ಅಗ್ಗ, ಆದರೆ ಶಿಸ್ತು ಬೇಕು. ಗಾಳಿಯ ಒತ್ತಡದಿಂದ ಪಿಸ್ಟನ್ ಹೊರತೆಗೆಯುವಾಗ ಎದುರಿಗೆ ಮರದ ತುಂಡು ಇಡದಿದ್ದರೆ ಬೆರಳು ಜಜ್ಜಿಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಮಾಮೂಲಿ ಗ್ರೀಸು ತಾಗಿದ ಸೀಲು ಊದಿಕೊಳ್ಳುತ್ತದೆ. ಸೀಲನ್ನು ತೊಳೆಯುವುದಕ್ಕೂ ಅದಕ್ಕೆ ಹಚ್ಚುವುದಕ್ಕೂ ಹೊಸ ಬ್ರೇಕ್ ಆಯಿಲೇ ಆಗಬೇಕು. ಪಿಸ್ಟನ್ನಿನ ಮೈಯಲ್ಲಿ ಉಗುರಿಗೆ ತಾಗುವಷ್ಟು ಗುಳಿಯಿದ್ದರೆ ಅದನ್ನು ಉಜ್ಜಿ ಉಳಿಸುವುದು ಜಾಣತನವಲ್ಲ, ಪಿಸ್ಟನ್ ಬದಲಿಸಬೇಕು. ಸೀಲು ಕೂರುವ ತೋಡೇ ತುಕ್ಕಿಗೆ ತಿಂದುಹೋಗಿದ್ದರೆ ಹೊಸ ಕ್ಯಾಲಿಪರ್ ತರಬೇಕು.