ಕಟ್ಟಡ ಸಂಶೋಧನೆ: ಸರ್ಕಾರಿ ಮಂಡಳಿಗಳು, ಅನುದಾನ ಮತ್ತು ಕೋಲಾರ ಸೀಮೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಟೇಕಲ್ ಕಲ್ಲುಗುಡ್ಡಗಳ ಊರು. ತಾಲ್ಲೂಕು ಕೇಂದ್ರ ಮಾಲೂರು ಹೆಂಚು, ಇಟ್ಟಿಗೆಗೆ ಹೆಸರುವಾಸಿ. ಇಂಥ ಕಲ್ಲು, ಮಣ್ಣನ್ನು ಪರೀಕ್ಷಿಸಿ ಕಟ್ಟಡಕ್ಕೆ ಒಗ್ಗಿಸುವ ಸಂಶೋಧನೆಗೆ ಭಾರತದಲ್ಲಿ ಸರ್ಕಾರದ ನೆಲೆ ಸಿಕ್ಕಿದ್ದು 1947ರಲ್ಲಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯೊಂದಿಗೆ. 1954ರಲ್ಲಿ ರಾಷ್ಟ್ರೀಯ ಕಟ್ಟಡ ಸಂಘಟನೆಯೂ ಹುಟ್ಟಿತು.

ಕರ್ನಾಟಕದ ದಾರಿ ಬೇರೆ. 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದರು. ಮರುವರ್ಷ ಅದೇ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಶುರುವಾಯಿತು. ದೇಶದಲ್ಲೇ ಮೊದಲನೆಯದಾದ ಈ ಮಂಡಳಿ ಸರ್ಕಾರಕ್ಕೆ ಸಲಹೆ ಕೊಡುವುದರ ಜೊತೆಗೆ ಸಂಶೋಧನೆಗೆ ಹಣವನ್ನೂ ಒದಗಿಸಿತು. ಸಲಹೆ ಮತ್ತು ದುಡ್ಡು ಒಂದೇ ಕಡೆಯಿಂದ ಬಂದದ್ದು ದೊಡ್ಡ ಅನುಕೂಲ.

‘ಅಸ್ತ್ರ’ದ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಅವರ ಮಣ್ಣಿನ ಬ್ಲಾಕ್ ಕೆಲಸ ಇಲ್ಲಿ ಮುಖ್ಯ. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕು. ಶೇ 5ರಿಂದ 8ರಷ್ಟು ಸಿಮೆಂಟ್ ಹಾಕಿ ಕೈಯಂತ್ರದಲ್ಲಿ ಒತ್ತಬೇಕು. ಆಮೇಲೆ ಕೆಲವು ವಾರ ನೀರು ಚಿಮುಕಿಸಿ ಹದಗೊಳಿಸಬೇಕು. ಗೂಡಿಲ್ಲ, ಸೌದೆಯಿಲ್ಲ. ಸುಟ್ಟ ಇಟ್ಟಿಗೆಗಿಂತ ಇದಕ್ಕೆ ಶೇ 60–70ರಷ್ಟು ಕಡಿಮೆ ಶಕ್ತಿ ಸಾಕೆಂದು ಆ ಸಂಶೋಧಕರು ಲೆಕ್ಕ ಹಾಕಿದರು. ಇಟ್ಟಿಗೆಗೂಡುಗಳ ಸೀಮೆಯಲ್ಲಿ ಮರ ಉಳಿಸುವ ಈ ಲೆಕ್ಕಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಸಲ್ಲಬೇಕು.

ಕೋಲಾರ ಜಿಲ್ಲೆಗೇ ಬಂದ ಸಂಸ್ಥೆ ಕಲ್ಲಿನದು. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಿನ್ನದ ಗಣಿಗಳಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು, ಕಾರ್ಮಿಕರು ಸಾಯುತ್ತಿದ್ದರು. ಆ ಅನುಭವದ ನೆಲದಲ್ಲೇ 1988ರಲ್ಲಿ ಕೇಂದ್ರ ಗಣಿ ಸಚಿವಾಲಯದಡಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿ ಸ್ಥಾಪನೆಯಾಯಿತು. 2001ರಲ್ಲಿ ಗಣಿ ಮುಚ್ಚಿತು. ಸಂಸ್ಥೆಯ ಕೆಲಸ ನಿಲ್ಲಲಿಲ್ಲ. ಸುರಂಗ, ಅಣೆಕಟ್ಟು, ಜಲವಿದ್ಯುತ್ ಯೋಜನೆಗಳ ಭೂಗತ ಗುಹೆಗಳಿಗೆ ಅದರ ಪರಿಣತಿ ಸಲ್ಲುತ್ತದೆ. ಸರ್ಕಾರದ ಅನುದಾನದ ಜೊತೆಗೆ ಯೋಜನೆಗಳವರು ಕೊಡುವ ಶುಲ್ಕವೂ ಅದರ ಆದಾಯ.

ಪ್ರಯೋಗಾಲಯದ ತಿಳಿವಳಿಕೆ ಮನೆ ಕಟ್ಟುವವರಿಗೆ ತಲುಪಲೆಂದೇ ಕೇಂದ್ರ ಸರ್ಕಾರದ ವಸತಿ ಸಾಲ ಸಂಸ್ಥೆ ಹುಡ್ಕೋ ನೆರವಿನ ನಿರ್ಮಿತಿ ಕೇಂದ್ರಗಳು ಬಂದವು. ಕೇರಳದ ಕೊಲ್ಲಂನಲ್ಲಿ ಆರಂಭವಾದ ಆ ಮಾದರಿ ಕರ್ನಾಟಕದ ಜಿಲ್ಲೆಗಳಿಗೂ ಹಬ್ಬಿತು. 1990ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನಾ ಮಂಡಳಿಯನ್ನೂ ರಚಿಸಿತು. ಮಣ್ಣಿನ ಬ್ಲಾಕಿಗೆ ಭಾರತೀಯ ಮಾನಕವಿದೆ, ಯಂತ್ರವಿದೆ, ದಶಕಗಳ ಪರೀಕ್ಷೆಯ ಫಲವಿದೆ. ಇನ್ನು ಮುಂದೆ ಕೊಡುವ ಅನುದಾನದಲ್ಲಿ ಮಾಲೂರು, ಟೇಕಲ್ ಕಡೆಯ ಗಾರೆ ಕೆಲಸದವರ ತರಬೇತಿಗೂ ಒಂದು ಪಾಲು ಮೀಸಲಿಡಬೇಕು.