ಎತ್ತರ ಪ್ರದೇಶದಲ್ಲಿ ಉರಿಯೂತ ಸೂಚಕಗಳ ಸಹಜ ಮಿತಿ

ಸಮುದ್ರಮಟ್ಟಕ್ಕಿಂತ 2500 ಮೀಟರ್‌ಗೂ ಮೇಲೆ ನೆಲೆಸಿರುವ ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಉರಿಯೂತ ಸೂಚಕಗಳಿಗೆ ಇರುವ ಸಹಜ ವ್ಯಾಪ್ತಿ. ಕನಿಷ್ಠ 120 ಆರೋಗ್ಯವಂತರ ಫಲಿತಾಂಶಗಳಲ್ಲಿ ಎರಡೂ ತುದಿಯ ಶೇ. 2.5ರಷ್ಟನ್ನು ಬಿಟ್ಟು, ನಡುವಿನ ಶೇ. 95ನ್ನು ಮಿತಿಯೆಂದು ಹಿಡಿಯುವುದು ವಾಡಿಕೆ.

ಈ ಸೂಚಕಗಳ ಪೈಕಿ ಮಾಮೂಲಿ ರಕ್ತಕಣ ಎಣಿಕೆಯಿಂದಲೇ ಸಿಗುವ ಅನುಪಾತಗಳಿಗೆ ಬೇರೆ ಖರ್ಚಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 4000 ನ್ಯೂಟ್ರೋಫಿಲ್, 2000 ಲಿಂಫೋಸೈಟ್, 2,00,000 ಪ್ಲೇಟ್‌ಲೆಟ್ ಇದ್ದರೆ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ 2, ಪ್ಲೇಟ್‌ಲೆಟ್–ಲಿಂಫೋಸೈಟ್ ಅನುಪಾತ 100. ಮೊದಲನೆಯದಕ್ಕೆ ಬೆಲ್ಜಿಯಂನ ವಯಸ್ಕರನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಮಿತಿ 0.78ರಿಂದ 3.53. ಅದನ್ನು ಸುಮಾರು 3650 ಮೀಟರ್ ಎತ್ತರದ ಲಾಸಾಕ್ಕೋ 3500 ಮೀಟರ್ ಎತ್ತರದ ಲೇಹ್‌ಗೋ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ.

ಹೆಚ್ಚು ದಾರಿತಪ್ಪಿಸುವುದು ಇಎಸ್‌ಆರ್, ಅಂದರೆ ಕೊಳವೆಯಲ್ಲಿಟ್ಟ ರಕ್ತದ ಕೆಂಪುಕಣಗಳು ತಳಕ್ಕಿಳಿಯುವ ವೇಗ. ಲಾಸಾದಲ್ಲಿ ವಾಯುಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು. ಆಮ್ಲಜನಕ ಸಾಲದೆ ಮೂತ್ರಪಿಂಡ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಕೆಂಪುಕಣ ಹೆಚ್ಚುತ್ತವೆ. ದಟ್ಟಣೆಯಲ್ಲಿ ಅವು ಕೊಳವೆಯ ತಳಕ್ಕೆ ನಿಧಾನವಾಗಿ ಇಳಿಯುತ್ತವೆ. ಸೋಂಕಿದ್ದರೂ ಅಂಕಿ ತಗ್ಗಿಯೇ ಕಾಣಬಹುದು. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಇನ್ನೊಂದು ಸೂಚಕಕ್ಕೆ ಈ ತೊಡಕಿಲ್ಲ.

ಕೆಂಪುಕಣಗಳ ಈ ಏರಿಕೆಯೂ ಎಲ್ಲರಲ್ಲಿ ಸಮನಲ್ಲ: ಇಪಿಎಎಸ್1 ಜೀನ್‌ನ ವಿಶಿಷ್ಟ ರೂಪವುಳ್ಳ ಟಿಬೆಟನ್ನರಲ್ಲಿ ಹಿಮೋಗ್ಲೋಬಿನ್ ಆಂಡೀಸ್ ನಿವಾಸಿಗಳಷ್ಟು ಏರುವುದಿಲ್ಲ. ಹಾಗಾಗಿ ಎತ್ತರವೊಂದೇ ಅಳತೆಗೋಲಲ್ಲ: ಮೂಲನಿವಾಸಿಯನ್ನೂ ವಾರದ ಹಿಂದೆ ಬಯಲಿನಿಂದ ಹತ್ತಿಬಂದ ಸೈನಿಕನನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಬಾರದು.