ಜನರೇಟರ್ ಯಾವುದು, ಇಟರೇಟರ್ ಯಾವುದು?

ನಮ್ಮ ಕಗ್ಗದಾಸಪುರದಲ್ಲಿ ಜನರೇಟರ್ ಅಂದ್ರೆ ಕರೆಂಟ್ ಹೋದಾಗ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಗುಡುಗುವ ಡೀಸೆಲ್ ಯಂತ್ರ. ನನಗೆ ಒಂದು ಕೆಲಸ ತಪ್ಪಿಸಿದ ಜನರೇಟರ್ ಬೇರೆ :)

ಸಂದರ್ಶನದಲ್ಲಿ ಇಟರೇಟರ್ ಅಂದ್ರೇನು ಅಂತ ಕೇಳಿದರು. ವರ್ಷಗಟ್ಟಲೆ ಸಿ ಶಾರ್ಪ್ ಬರೆದವನು ನಾನು, "ಒಳಗೆ ಯೀಲ್ಡ್ ಇರೋ ಮೆಥಡ್ಡು" ಅಂದೆ. ಎದುರಿಗಿದ್ದವರು ಪೈಥಾನಿನವರು. "ಅದು ಜನರೇಟರ್ ಅಲ್ವೇನ್ರೀ?" ಅಂತ ನಕ್ಕರು. ಆಮೇಲೆ ನನಗೆ ಬಾಯೇ ಬರಲಿಲ್ಲ.

ಮನೆಗೆ ಬಂದವನೇ ಈ ಹೆಸರುಗಳ ಬೆನ್ನು ಹತ್ತಿದೆ.

ಒಂದು ಸಂಗ್ರಹದಿಂದ ಒಂದೊಂದೇ ಮೌಲ್ಯ ಪಡೆಯೋಕೆ ಎರಡು ದಾರಿ. ಮೊದಲನೆಯದು, ಒಂದು ಆಬ್ಜೆಕ್ಟನ್ನು "ಮುಂದಿನದು ಕೊಡು" ಅಂತ ಕೇಳ್ತಾ ಹೋಗೋದು. ಎಲ್ಲಿಗೆ ಬಂದೆವು ಅನ್ನೋ ಲೆಕ್ಕ ಇಡುವ ಕೋಡನ್ನು ನಾವೇ ಬರೀಬೇಕು. ಎರಡನೆಯದು, ಫಂಕ್ಷನ್ನೇ ಒಂದು ಮೌಲ್ಯ ಕೊಟ್ಟು ಅಲ್ಲೇ ನಿಲ್ಲೋದು. ಇಲ್ಲಿನ ರೈಲ್ವೆ ಗೇಟ್ ಬಿದ್ದಾಗ ಬೈಕ್ ಆಫ್ ಮಾಡಿ ನಿಲ್ತಿದ್ವಲ್ಲ, ಹಾಗೆ. ಗೇಟ್ ಎದ್ದ ಮೇಲೆ ಯಾರೂ ಮತ್ತೆ ಮನೆಯಿಂದ ಹೊರಡಲ್ಲ, ನಿಂತಲ್ಲಿಂದಲೇ ಮುಂದಕ್ಕೆ.

1970ರ ದಶಕದಲ್ಲಿ ಕಾರ್ನೆಗಿ ಮೆಲನ್‌ನ ವಿಲಿಯಂ ವುಲ್ಫ್, ಮೇರಿ ಶಾ ಮುಂತಾದವರು ಆಲ್ಫಾರ್ಡ್ ಅನ್ನೋ ಭಾಷೆ ಕಟ್ಟುತ್ತಿದ್ದರು. ಅದರಲ್ಲಿ ಮೊದಲನೇ ದಾರಿಯ ಹೆಸರೇ ಜನರೇಟರ್. 1975ರ ಬೇಸಿಗೆಯಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ತಂಡ ಅಲ್ಲಿಗೆ ಹೋಗಿ ಅದನ್ನು ನೋಡಿತು. ಇಷ್ಟವಾಯ್ತು, ಆದ್ರೆ ಗೋಜಲು ಅನ್ನಿಸ್ತು. ವಾಪಸ್ ಬರುವ ವಿಮಾನದಲ್ಲೇ ರಸ್ ಆಟ್ಕಿನ್ಸನ್‌ಗೆ ಎರಡನೇ ದಾರಿ ಹೊಳೆಯಿತಂತೆ. ಅದು ಅವರ ಕ್ಲೂ ಭಾಷೆ ಸೇರಿತು, ಇಟರೇಟರ್ ಅನ್ನೋ ಹೆಸರಲ್ಲಿ. ಯೀಲ್ಡ್ ಪದವೂ ಅಲ್ಲಿತ್ತು.

2001ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 2.2ರಲ್ಲಿ ಎಲ್ಲಾ ಉಲ್ಟಾ! ಆಲ್ಫಾರ್ಡಿನ ಜನರೇಟರ್ ಇಲ್ಲಿ ಇಟರೇಟರ್ ಆಯ್ತು, ಕ್ಲೂವಿನ ಇಟರೇಟರ್ ಜನರೇಟರ್ ಆಯ್ತು. ಇದೇನೂ ಪೈಥಾನಿನವರ ಕಿತಾಪತಿ ಅಲ್ಲ. ನಿಂತು ಮುಂದುವರಿಯೋದಕ್ಕೆ ಐಕಾನ್ ಭಾಷೆ 1970ರ ದಶಕದಲ್ಲೇ ಜನರೇಟರ್ ಅಂದಿತ್ತು. 2005ರ ಸಿ ಶಾರ್ಪ್ 2.0 ಮಾತ್ರ ಕ್ಲೂವಿನ ಹೆಸರನ್ನೇ ಇಟ್ಟುಕೊಂಡಿತು. ಅಂದ್ರೆ ಆವತ್ತು ನಾವಿಬ್ಬರೂ ಸರಿ. ಕೆಲಸ ಮಾತ್ರ ಹೋಯ್ತು.

ಪೈಥಾನಿನೊಳಗೂ ಗೊಂದಲ ಮುಗಿದಿಲ್ಲ. ಜನರೇಟರ್ ಅಂದ್ರೆ ಆ ಫಂಕ್ಷನ್ನೋ, ಕರೆದಾಗ ಸಿಗೋ ಆಬ್ಜೆಕ್ಟೋ? ಸಾಮಾನ್ಯವಾಗಿ ಫಂಕ್ಷನ್, ಕೆಲವೊಮ್ಮೆ ಆಬ್ಜೆಕ್ಟ್ ಅನ್ನುತ್ತೆ ಅವರದೇ ಪದಕೋಶ. 2001ರಲ್ಲಿ ಇದಕ್ಕೊಂದು ಹೊಸ ಕೀವರ್ಡ್ ಬೇಕು ಅಂತ ವಾದ ನಡೆದಿತ್ತು. ಗೀಡೋ ವಾನ್ ರೋಸಮ್ ಇರುವ 'ಡೆಫ್' ಸಾಕು ಅಂದುಬಿಟ್ಟರು. ಹಾಗಾಗಿ ಫಂಕ್ಷನ್ನಿನ ಮೊದಲ ಸಾಲು ನೋಡಿದರೆ ಏನೂ ತಿಳಿಯಲ್ಲ, ಒಳಗೆ ಯೀಲ್ಡ್ ಇದೆಯಾ ಅಂತ ಹುಡುಕಬೇಕು. ಜಾವಾಸ್ಕ್ರಿಪ್ಟಿನವರು 2015ರಲ್ಲಿ ಫಂಕ್ಷನ್ ಪದದ ಪಕ್ಕ ಒಂದು ನಕ್ಷತ್ರ ಇಟ್ಟರು. ಪುಣ್ಯಾತ್ಮರು.